ಕುದುರೆಯ ಹೊಟ್ಟೆಹುಣ್ಣು: ಯಾವ ಮದ್ದು, ಎಷ್ಟು, ಯಾವ ಹೊತ್ತಿಗೆ

ಕುದುರೆಯ ಹೊಟ್ಟೆಹುಣ್ಣಿಗೆ ಒಳ್ಳೆಯ ಔಷಧವಿದೆ: ಜಠರದ ಆಮ್ಲ ತಗ್ಗಿಸುವ ಒಮೆಪ್ರಜೋಲ್, ಹೆಚ್ಚಾಗಿ ಬಾಯಿಂದ ಕೊಡುವ ಪೇಸ್ಟಿನ ರೂಪದಲ್ಲಿ. ಆದರೂ ತಿಂಗಳುಗಟ್ಟಲೆ ಪೇಸ್ಟ್ ತಿನ್ನಿಸಿದ ಮೇಲೂ ಹುಣ್ಣು ಮಾಯದೆ ಉಳಿಯುವ ಕುದುರೆಗಳು ಬಹಳ. ಹಾಗಾದಾಗ ಔಷಧವನ್ನು ದೂರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಹುಣ್ಣು ಜಠರದ ಯಾವ ಭಾಗದಲ್ಲಿದೆ? ಮದ್ದು ಕೊಡುವುದು ಮೇವಿಗೆ ಮೊದಲೋ, ಮೇವಿನ ಜೊತೆಗೋ? ದಿನದಲ್ಲಿ ಎಷ್ಟು ಹೊತ್ತು ಕುದುರೆಯ ಹೊಟ್ಟೆ ಖಾಲಿ ಇರುತ್ತದೆ? ಗುಣವಾಗದ ಹೆಚ್ಚಿನ ಪ್ರಕರಣಗಳಿಗೆ ಕಾರಣ ಈ ಮೂರರಲ್ಲೇ ಸಿಗುತ್ತದೆ.

ಒಂದೇ ಜಠರ, ಎರಡು ಬಗೆಯ ಒಳಪದರ

ಕುದುರೆಯ ಮೈಗಾತ್ರಕ್ಕೆ ಹೋಲಿಸಿದರೆ ಅದರ ಜಠರ ಚಿಕ್ಕದು. 8ರಿಂದ 15 ಲೀಟರ್ ಹಿಡಿಯುತ್ತದೆ, ಅಷ್ಟೆ. ದಿನದ ಬಹುಪಾಲು ಹೊತ್ತು ಸ್ವಲ್ಪಸ್ವಲ್ಪವೇ ಮೇಯುತ್ತಿರುವ ಪ್ರಾಣಿಗೆ ದೊಡ್ಡ ಚೀಲದ ಅಗತ್ಯವೂ ಇಲ್ಲ. ಆ ಮೇಯುವ ಕ್ರಮಕ್ಕೆ ತಕ್ಕಂತೆ ಜಠರ ಆಮ್ಲವನ್ನು ನಿಲ್ಲಿಸದೆ ಸುರಿಸುತ್ತದೆ. ಒಳಗೆ ಮೇವು ಇರಲಿ, ಬಿಡಲಿ, ಗಂಟೆಗೆ ಸುಮಾರು ಒಂದೂವರೆ ಲೀಟರ್‌ವರೆಗೆ ಆಮ್ಲರಸ ಬರಬಹುದು. ಆ ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್ ಇರುವುದು ಜೊಲ್ಲಿನಲ್ಲಿ. ಜೊಲ್ಲು ಮಾತ್ರ ಜಗಿಯುವಾಗಲಷ್ಟೇ ಬರುತ್ತದೆ. ಜಗಿಯುವುದು ನಿಂತಾಗ ತಣಿಸುವುದೂ ನಿಲ್ಲುತ್ತದೆ, ಆಮ್ಲ ಮಾತ್ರ ಬರುತ್ತಲೇ ಇರುತ್ತದೆ.

ಜಠರದ ಒಳಗೋಡೆ ಎಲ್ಲ ಕಡೆ ಒಂದೇ ಥರ ಇಲ್ಲ. ಮೇಲಿನ ಸುಮಾರು ಮೂರನೇ ಒಂದು ಭಾಗದ ಪದರ ಅನ್ನನಾಳದ ಒಳಪದರದಂಥದ್ದು. ಅದು ಗ್ರಂಥಿಗಳಿಲ್ಲದ, ಲೋಳೆಯ ಹೊದಿಕೆಯಿಲ್ಲದ ಬರಿಯ ಚರ್ಮ ಎನ್ನಬಹುದು. ಕೆಳಗಿನ ಭಾಗ ಗ್ರಂಥಿಗಳಿರುವ ಪದರ. ಆಮ್ಲ ಹುಟ್ಟುವುದು ಅಲ್ಲೇ. ಆದರೆ ಅದಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಲೋಳೆ, ಬೈಕಾರ್ಬೊನೇಟ್, ಒಳ್ಳೆಯ ರಕ್ತಸಂಚಾರ ಎಲ್ಲವೂ ಇದೆ. ಇವೆರಡರ ನಡುವೆ ಒಂದು ಏಣು ಎದ್ದು ಕಾಣುತ್ತದೆ. ಅದರ ಹೆಸರು ಮಾರ್ಗೊ ಪ್ಲಿಕೇಟಸ್.

ಮೇಲ್ಭಾಗದ ಹುಣ್ಣು ಆಮ್ಲ ತಗಲಬಾರದ ಕಡೆ ತಗಲಿದ್ದರಿಂದ ಆಗುವ ಸುಟ್ಟಗಾಯ. ಕುದುರೆ ಓಡುವಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಜಠರವನ್ನು ಒತ್ತುತ್ತವೆ, ಆಮ್ಲ ಏಣು ದಾಟಿ ಮೇಲಕ್ಕೇರುತ್ತದೆ. ಹೊಟ್ಟೆಯಲ್ಲಿ ನಾರಿನ ಮೇವು ತುಂಬಿದ್ದರೆ ಅದು ಚಾಪೆಯಂತೆ ತೇಲಿ ಎರಚುವುದನ್ನು ತಡೆಯುತ್ತದೆ. ಖಾಲಿ ಇದ್ದರೆ ತಡೆಯಿಲ್ಲ. ಇದರ ಮೇಲೆ ಧಾನ್ಯದ ಪಾತ್ರವೂ ಇದೆ. ಪಿಷ್ಟವನ್ನು ಜಠರದ ಬ್ಯಾಕ್ಟೀರಿಯಾ ಹುದುಗಿಸಿದಾಗ ಹುಟ್ಟುವ ಕೊಬ್ಬಿನಾಮ್ಲಗಳು, ಲ್ಯಾಕ್ಟಿಕ್ ಆಮ್ಲ, ಆಮ್ಲೀಯ ವಾತಾವರಣದಲ್ಲಿ ಮೇಲಿನ ಪದರದ ಕೋಶಗಳ ಒಳಕ್ಕೇ ನುಗ್ಗಿ ಹಾನಿ ಮಾಡುತ್ತವೆ. ಕುದುರೆಗೆ ಒಂದು ದಿನ ಮೇವು, ಒಂದು ದಿನ ಉಪವಾಸ ಎಂದು ಸರದಿಯಾಗಿ ಒಂದು ವಾರ ಮಾಡಿದರೆ ಸಾಕು, ಮೇಲ್ಭಾಗದಲ್ಲಿ ಹುಣ್ಣು ಏಳುತ್ತದೆ. ಔಷಧಗಳನ್ನು ಪರೀಕ್ಷಿಸಲು ಸಂಶೋಧಕರು ಹುಣ್ಣು ತರಿಸುವುದೇ ಈ ವಿಧಾನದಿಂದ.

ಕೆಳಭಾಗದ ಹುಣ್ಣಿನ ಕಥೆ ಬೇರೆ. ಆಮ್ಲ ಅಲ್ಲಿನ ನಿತ್ಯದ ನಿವಾಸಿ. ಹುಣ್ಣಾಗಬೇಕಾದರೆ ಮೊದಲು ರಕ್ಷಣೆ ಕುಸಿಯಬೇಕು. ಸತತ ಒತ್ತಡ, ವಾರದಲ್ಲಿ ಐದು ದಿನ ಅಥವಾ ಅದಕ್ಕೂ ಹೆಚ್ಚು ಕೆಲಸ, ದಿನಕ್ಕೊಬ್ಬರಂತೆ ಬದಲಾಗುವ ಸವಾರರು ಮತ್ತು ಆಳುಗಳು, ನೋವುನಿವಾರಕಗಳು ಈ ಕುಸಿತಕ್ಕೆ ದಾರಿ ಮಾಡುತ್ತವೆ. ಮನುಷ್ಯರಲ್ಲಿರುವಂತೆ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕೇ ಮೂಲ ಎಂಬುದು ಕುದುರೆಗಳಲ್ಲಿ ಸಿದ್ಧವಾಗಿಲ್ಲ. ಹಾಗಾಗಿ ಆ್ಯಂಟಿಬಯೋಟಿಕ್ ಕೊಟ್ಟು ನೋಡೋಣ ಎಂಬ ದಾರಿಗೆ ಇಲ್ಲಿ ಆಧಾರವಿಲ್ಲ. ಯುರೋಪಿನ ಪಶುವೈದ್ಯ ತಜ್ಞರು 2015ರಲ್ಲಿ ಹೊರತಂದ ಒಮ್ಮತದ ಹೇಳಿಕೆ ಇವೆರಡನ್ನೂ ಎರಡು ಪ್ರತ್ಯೇಕ ಕಾಯಿಲೆಗಳೆಂದೇ ಕಾಣಬೇಕೆಂದು ಒತ್ತಿ ಹೇಳಿತು. ಚಿಕಿತ್ಸೆಯ ಲೆಕ್ಕವೆಲ್ಲ ಈ ಭೇದದ ಮೇಲೆ ನಿಂತಿದೆ.

ಲಕ್ಷಣ ನೋಡಿ ತೀರ್ಮಾನಿಸುವ ಅಪಾಯ

ಧಾನ್ಯ ಬಿಟ್ಟು ಹುಲ್ಲನ್ನೇ ಆರಿಸುವುದು, ಊಟ ಅರ್ಧಕ್ಕೆ ನಿಲ್ಲಿಸುವುದು, ಮೈ ಇಳಿಯುವುದು, ಕೂದಲಿನ ಹೊಳಪು ಮಾಸುವುದು, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬರುವುದು, ಮತ್ತೆಮತ್ತೆ ಬರುವ ಸಣ್ಣ ಹೊಟ್ಟೆನೋವು, ಕೆಲಸದಲ್ಲಿ ಮೊದಲಿನ ಹುರುಪಿಲ್ಲದಿರುವುದು. ಇವೆಲ್ಲ ಹುಣ್ಣಿನ ಲಕ್ಷಣಗಳೇ. ತೊಂದರೆಯೆಂದರೆ ಹಲ್ಲಿನ ಸಮಸ್ಯೆ, ಬೆನ್ನುನೋವು, ಹೊಂದದ ಜೀನು, ಜಂತುಹುಳು, ಕರುಳಿನ ಮರಳು ಇವುಗಳ ಲಕ್ಷಣಗಳೂ ಹೆಚ್ಚುಕಡಿಮೆ ಇವೇ. ಇನ್ನೊಂದು ಕಡೆ, ದೊಡ್ಡ ಹುಣ್ಣಿದ್ದೂ ಏನೂ ತೋರಿಸದ ಕುದುರೆಗಳಿವೆ. ಪಂದ್ಯಕ್ಕೆ ತಯಾರಾಗುತ್ತಿರುವ ಥರೋಬ್ರೆಡ್‌ಗಳನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಕುದುರೆಗಳಿಗೆ ಮೇಲ್ಭಾಗದ ಹುಣ್ಣು ಕಂಡುಬಂದದ್ದುಂಟು.

ಖಚಿತವಾಗಿ ಹೇಳಬಲ್ಲದ್ದು ಗ್ಯಾಸ್ಟ್ರೋಸ್ಕೋಪಿ ಒಂದೇ, ಅಂದರೆ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯನ್ನು ಜಠರಕ್ಕಿಳಿಸಿ ನೋಡುವುದು. ಲದ್ದಿಯಲ್ಲಿ ರಕ್ತ ಹುಡುಕುವ ಪರೀಕ್ಷೆಯನ್ನು ನಂಬಿ ನಿರ್ಧರಿಸುವಂತಿಲ್ಲ. ದೊಡ್ಡ ಕುದುರೆಗೆ ಮೂರು ಮೀಟರ್ ಉದ್ದದ ಎಂಡೋಸ್ಕೋಪ್ ಬೇಕು. ಪರೀಕ್ಷೆಗೆ ಮೊದಲು 12ರಿಂದ 16 ಗಂಟೆ ಮೇವು ತೆಗೆಯಬೇಕು, ಕೊನೆಯ ಕೆಲವು ಗಂಟೆ ನೀರನ್ನೂ. ಇಲ್ಲಿ ಒಂದು ತಪ್ಪು ಪದೇಪದೇ ಆಗುತ್ತದೆ. ಮೇವು ತೆಗೆದರೂ ಕುದುರೆ ನೆಲಕ್ಕೆ ಹಾಸಿದ ಒಣಹುಲ್ಲನ್ನು ರಾತ್ರಿಯಿಡೀ ತಿಂದುಬಿಡುತ್ತದೆ. ಬೆಳಗ್ಗೆ ಜಠರ ತುಂಬಿದ್ದು ಏನೂ ಕಾಣುವುದಿಲ್ಲ. ಹಾಸು ಮರದ ಹೊಟ್ಟಿನದಾಗಿರಲಿ, ಇಲ್ಲವೇ ಬಾಯಿಗೆ ಬುಟ್ಟಿ ಕಟ್ಟಿ. ಮತ್ತು ಪರೀಕ್ಷೆ ಮೇಲ್ಭಾಗದಲ್ಲೇ ನಿಲ್ಲದೆ ಪೈಲೋರಸ್‌ವರೆಗೆ, ಅಂದರೆ ಜಠರ ಕರುಳಿಗೆ ತೆರೆಯುವ ಬಾಯಿಯವರೆಗೆ, ಹೋಗಲೇಬೇಕು. ಕೆಳಭಾಗದ ಹುಣ್ಣು ಹೆಚ್ಚಾಗಿ ಕೂರುವುದು ಅಲ್ಲಿಯೇ. ಮೇಲ್ಭಾಗ ಚೆನ್ನಾಗಿದೆ ಎಂದ ಮಾತ್ರಕ್ಕೆ ಕೆಳಭಾಗವೂ ಚೆನ್ನಾಗಿರುತ್ತದೆ ಎಂದೇನಿಲ್ಲ.

ಮೇಲ್ಭಾಗದ ಹುಣ್ಣಿಗೆ 0ಯಿಂದ 4ರವರೆಗೆ ದರ್ಜೆ ಕೊಡುತ್ತಾರೆ. 0 ಎಂದರೆ ಪದರ ಸರಿಯಿದೆ. 1 ಎಂದರೆ ಹುಣ್ಣಿಲ್ಲ, ಆದರೆ ಪದರ ದಪ್ಪವಾಗಿ ಹಳದಿಗಟ್ಟಿದೆ. 2 ಎಂದರೆ ಸಣ್ಣ ಗಾಯಗಳು, 3 ಎಂದರೆ ದೊಡ್ಡದು ಅಥವಾ ಹರಡಿದ್ದು, 4 ಎಂದರೆ ಹರಡಿದ್ದಲ್ಲದೆ ಆಳಕ್ಕೂ ಇಳಿದದ್ದು. ಕೆಳಭಾಗದ ಹುಣ್ಣಿಗೆ ಈ ಅಂಕಿ ಹೊಂದುವುದಿಲ್ಲ. ಅದನ್ನು ಜಾಗ, ತೀವ್ರತೆ, ಉಬ್ಬಿದೆಯೋ ತಗ್ಗಿದೆಯೋ, ರಕ್ತ ಕಾಣುತ್ತಿದೆಯೋ ಎಂಬ ವಿವರಗಳಿಂದ ಬರೆದಿಡುತ್ತಾರೆ. ವರದಿಯಲ್ಲಿ ಒಂದೇ ಅಂಕಿ ಬರೆದು ಕೊಟ್ಟರೆ ಯಾವ ಭಾಗದ್ದು ಎಂದು ಕೇಳಿ ತಿಳಿದುಕೊಳ್ಳಿ.

ಒಮೆಪ್ರಜೋಲ್ ಕೆಲಸ ಮಾಡುವ ರೀತಿ

ಜಠರದ ಆಮ್ಲಕೋಶಗಳಲ್ಲಿ ಪ್ರೋಟಾನ್ ಪಂಪ್‌ಗಳಿವೆ. ಆಮ್ಲವನ್ನು ಹೊರಕ್ಕೆ ದೂಡುವುದು ಇವೇ. ಬಾಯಿಂದ ಕೊಟ್ಟ ಒಮೆಪ್ರಜೋಲ್ ಸಣ್ಣಕರುಳಿನಲ್ಲಿ ಹೀರಲ್ಪಟ್ಟು, ರಕ್ತದ ಮೂಲಕ ಸುತ್ತಿ ಬಂದು, ಆ ಪಂಪ್‌ಗಳಿಗೆ ಅಂಟಿಕೊಂಡು ಅವನ್ನು ಶಾಶ್ವತವಾಗಿ ಕೆಡಿಸುತ್ತದೆ. ಹೊಸ ಪಂಪ್ ಹುಟ್ಟುವವರೆಗೆ ಆ ಜಾಗದಿಂದ ಆಮ್ಲ ಬರುವುದಿಲ್ಲ. ರಕ್ತದಲ್ಲಿ ಔಷಧ ಕೆಲವೇ ಗಂಟೆ ಇದ್ದರೂ ದಿನಕ್ಕೊಂದೇ ಸಲ ಕೊಟ್ಟರೆ ಸಾಕಾಗುವುದು ಇದರಿಂದಲೇ.

ಆದರೆ ಇಲ್ಲಿ ಎರಡು ಕಟ್ಟಳೆಗಳಿವೆ. ಮೊದಲನೆಯದು, ಆ ಹೊತ್ತಿಗೆ ಕೆಲಸ ಮಾಡುತ್ತಿರುವ ಪಂಪ್‌ಗಳಿಗೆ ಮಾತ್ರ ಔಷಧ ಅಂಟುತ್ತದೆ. ಸುಮ್ಮನಿರುವವು ತಪ್ಪಿಸಿಕೊಳ್ಳುತ್ತವೆ. ಪಂಪ್‌ಗಳನ್ನು ಎಬ್ಬಿಸುವುದು ಮೇವು. ಎರಡನೆಯದು, ಹೊಟ್ಟೆಯಲ್ಲಿ ಮೇವು ಇದ್ದಾಗ ಕೊಟ್ಟರೆ ಔಷಧ ರಕ್ತಕ್ಕೆ ಸೇರುವ ಪ್ರಮಾಣ ಇಳಿಯುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಕೊಡಬೇಕಾದ ಹೊತ್ತು ತಾನಾಗಿ ಗೊತ್ತಾಗುತ್ತದೆ: ಬೆಳಗ್ಗೆ ಖಾಲಿ ಹೊಟ್ಟೆಗೆ ಔಷಧ, 30ರಿಂದ 60 ನಿಮಿಷ ಬಿಟ್ಟು ಮೇವು. ಔಷಧ ರಕ್ತದಲ್ಲಿ ಏರುವ ಹೊತ್ತಿಗೆ ಮೇವು ಪಂಪ್‌ಗಳನ್ನು ಎಬ್ಬಿಸಿರುತ್ತದೆ. ಇದೇ ಔಷಧವನ್ನು ಇಷ್ಟೇ ಪ್ರಮಾಣದಲ್ಲಿ ಸಂಜೆ ಧಾನ್ಯದ ಬಕೆಟ್ಟಿಗೆ ಬೆರೆಸಿದರೆ ಅರ್ಧ ಫಲವೂ ಸಿಗದೆ ಹೋಗಬಹುದು.

ಸದಾ ಮುಂದೆ ಹುಲ್ಲಿರಬೇಕು ಎನ್ನುತ್ತೀರಿ, ಖಾಲಿ ಹೊಟ್ಟೆಯಲ್ಲಿ ಮದ್ದು ಎನ್ನುತ್ತೀರಿ, ಎರಡೂ ಹೇಗೆ ಸಾಧ್ಯ ಎಂಬ ಪ್ರಶ್ನೆ ಏಳುತ್ತದೆ. ನ್ಯಾಯವಾದ ಪ್ರಶ್ನೆಯೇ. ರಾತ್ರಿ ತಡವಾಗಿ ಕೊನೆಯ ಹುಲ್ಲು ಹಾಕಿ, ನಸುಕಿಗೆ ಮುಗಿಯುವಷ್ಟೇ ಅಳತೆ ಇಟ್ಟರೆ ದಾರಿ ಸಿಗುತ್ತದೆ. ಆ ಕೆಲವು ಗಂಟೆ ಕುದುರೆ ನಿಂತೋ ಮಲಗಿಯೋ ಇರುತ್ತದೆ. ಓಟವಿಲ್ಲದ ಕಾರಣ ಆಮ್ಲ ಎರಚುವ ಭಯ ಕಡಿಮೆ. ಚಿಕಿತ್ಸೆ ನಡೆಯುವಷ್ಟು ದಿನ ಈ ಸಣ್ಣ ಅಂತರವನ್ನು ಒಪ್ಪಿಕೊಳ್ಳಬಹುದು. ವ್ಯಾಯಾಮವನ್ನು ಮದ್ದು ಕೊಟ್ಟು, ಸ್ವಲ್ಪ ಹುಲ್ಲು ತಿಂದಾದ ನಂತರದ ಗಂಟೆಗಳಿಗೆ ಸರಿಸಿದರೆ ಇನ್ನೂ ಒಳ್ಳೆಯದು.

ಮೊದಲ ದಿನವೇ ಪೂರ್ತಿ ಫಲ ನಿರೀಕ್ಷಿಸಬೇಡಿ. ದಿನದಿನವೂ ಇನ್ನಷ್ಟು ಪಂಪ್‌ಗಳು ಮುಚ್ಚಿ, ಆಮ್ಲದ ಇಳಿಕೆ ಒಂದು ಹದಕ್ಕೆ ಬರಲು ಮೂರರಿಂದ ಐದು ದಿನ ಬೇಕು. ನಡುವೆ ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಕೊಡುವುದರಿಂದ ಲಾಭವಿಲ್ಲ. ಮಾಮೂಲಿ ಪ್ರಮಾಣದಿಂದಲೇ ಮುಂದುವರಿಸಬೇಕು.

ಪ್ರಮಾಣ ಮತ್ತು ತೂಕದ ಲೆಕ್ಕ

ಹುಣ್ಣು ಮಾಯಿಸಲು ದೇಹತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂ, ದಿನಕ್ಕೊಮ್ಮೆ, 28 ದಿನ. ಬಾಯಿಂದ ಕೊಡುವ ಪೇಸ್ಟಿಗೆ ಇದು ದೀರ್ಘಕಾಲದಿಂದ ನಿಂತಿರುವ ಪ್ರಮಾಣ. ಹುಣ್ಣು ಬಾರದಂತೆ ತಡೆಯಲು ಕಿಲೋಗೆ 1 ಮಿಲಿಗ್ರಾಂ. ನಡುವೆ ಇಳಿಸುವಾಗ 2 ಮಿಲಿಗ್ರಾಂ ಬಳಸುತ್ತಾರೆ. ಅಮೆರಿಕದಲ್ಲಿ 1999ರಲ್ಲಿ ಮಾನ್ಯತೆ ಪಡೆದ ಗ್ಯಾಸ್ಟ್ರೋಗಾರ್ಡ್ ಪೇಸ್ಟಿನ ಒಂದು ಸಿರಿಂಜಿನಲ್ಲಿ 2.28 ಗ್ರಾಂ ಒಮೆಪ್ರಜೋಲ್ ಇದೆ. ಅಂದರೆ 570 ಕಿಲೋ ತೂಕದ ಕುದುರೆಗೆ ಒಂದು ದಿನದ ಪೂರ್ಣ ಚಿಕಿತ್ಸಾ ಪ್ರಮಾಣ.

ಕುದುರೆಯ ತೂಕವನ್ನು ಕಣ್ಣಳತೆಯಲ್ಲಿ ಹೇಳಿದರೆ ತಪ್ಪುವುದೇ ಹೆಚ್ಚು. ತೂಕದ ಯಂತ್ರವಿಲ್ಲದಿದ್ದರೆ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕದ ಅಂದಾಜು ಸಿಗುತ್ತದೆ. ಸುತ್ತಳತೆ 175, ಉದ್ದ 160 ಇದ್ದರೆ ತೂಕ ಸುಮಾರು 412 ಕಿಲೋ. ಚಿಕಿತ್ಸೆಗೆ ದಿನಕ್ಕೆ ಹತ್ತಿರಹತ್ತಿರ 1.65 ಗ್ರಾಂ ಒಮೆಪ್ರಜೋಲ್, ತಡೆಗೆ 0.4 ಗ್ರಾಂ.

ಪೇಸ್ಟ್ ಕೊಡುವಾಗ ಮೊದಲು ಬಾಯಿ ಖಾಲಿಯಿದೆಯೇ ನೋಡಿ. ದವಡೆಯಲ್ಲಿ ಹುಲ್ಲಿನ ಉಂಡೆಯಿದ್ದರೆ ಪೇಸ್ಟ್ ಅದಕ್ಕೆ ಮೆತ್ತಿಕೊಂಡು ಅದರ ಜೊತೆಗೇ ಹೊರಗೆ ಬೀಳುತ್ತದೆ. ಸಿರಿಂಜಿನ ಉಂಗುರವನ್ನು ತೂಕದ ಗುರುತಿಗೆ ತಿರುಗಿಸಿ ಭದ್ರ ಮಾಡಿ. ಉಂಗುರ ಸಡಿಲವಿದ್ದರೆ ಒಂದೇ ಒತ್ತಿಗೆ ಇಡೀ ಸಿರಿಂಜು ಖಾಲಿಯಾಗುತ್ತದೆ. ಹಲ್ಲುಗಳ ನಡುವಿನ ಖಾಲಿ ಜಾಗದಿಂದ ಒಳಕ್ಕೆ ಹಾಕಿ, ನಾಲಿಗೆಯ ಹಿಂಭಾಗದ ಮೇಲೆ ಬಿಟ್ಟು, ನುಂಗುವವರೆಗೆ ತಲೆಯನ್ನು ಸ್ವಲ್ಪ ಎತ್ತಿ ಹಿಡಿಯಿರಿ. ನಂತರ ನೆಲವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಕೆಲವು ಕುದುರೆಗಳು ಎರಡು ನಿಮಿಷ ಬಾಯಲ್ಲಿಟ್ಟುಕೊಂಡು ಉಗುಳುತ್ತವೆ.

ಬದಲಿ ರೂಪಗಳಲ್ಲಿ ಎಡವುವುದು ಎಲ್ಲಿ

ಒಮೆಪ್ರಜೋಲ್‌ಗೆ ಆಮ್ಲವೇ ಶತ್ರು. ರಕ್ಷಣೆಯಿಲ್ಲದೆ ಜಠರಕ್ಕೆ ಬಿದ್ದರೆ ಕರುಳು ತಲುಪುವ ಮೊದಲೇ ಕೆಡುತ್ತದೆ. ಆದ್ದರಿಂದ ತಯಾರಕರು ಒಂದೋ ಅದಕ್ಕೆ ಆಮ್ಲನಿರೋಧಕ ವಸ್ತು ಬೆರೆಸುತ್ತಾರೆ, ಇಲ್ಲವೇ ಪ್ರತಿ ಕಾಳಿಗೂ ಕವಚ ಹಾಕುತ್ತಾರೆ. ಮನುಷ್ಯರ ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳುಗಳಿಗೆ ಇರುವುದು ಅದೇ ಕವಚ. ಅವನ್ನು ಕುಟ್ಟಿ ಪುಡಿ ಮಾಡಿ ಬೆಲ್ಲದ ನೀರಿಗೆ ಬೆರೆಸಿದರೆ ಕವಚವೂ ಹೋಯಿತು, ಔಷಧವೂ ಹೋಯಿತು. ಲೆಕ್ಕವೂ ಸುಲಭವಲ್ಲ. 20 ಮಿಲಿಗ್ರಾಂ ಕ್ಯಾಪ್ಸೂಲಿನಿಂದ 400 ಕಿಲೋ ಕುದುರೆಯ ಒಂದು ದಿನದ 1,600 ಮಿಲಿಗ್ರಾಂ ಹೊಂದಿಸಲು 80 ಕ್ಯಾಪ್ಸೂಲ್ ಬೇಕು. ಕಾಳುಗಳನ್ನು ಕುದುರೆ ಜಗಿದರೂ ಕವಚ ಒಡೆಯುತ್ತದೆ ಎಂಬುದು ಮರೆಯಬಾರದ ಇನ್ನೊಂದು ಮಾತು.

ಔಷಧದಂಗಡಿಯಲ್ಲಿ ಬೇಡಿಕೆಯ ಮೇಲೆ ಬೆರೆಸಿ ಕೊಡುವ ದ್ರಾವಣಗಳ ಬಗ್ಗೆಯೂ ಎಚ್ಚರ ಬೇಕು. ಒಮೆಪ್ರಜೋಲ್ ಕೆಡುತ್ತಾ ಹೋದಂತೆ ಬಣ್ಣ ಕಂದು, ನೇರಳೆಯ ಕಡೆಗೆ ತಿರುಗುತ್ತದೆ. ಹಾಗೆ ಕಂಡ ಬಾಟಲಿಯನ್ನು ಎಸೆಯುವುದೇ ಸರಿ. ಬಣ್ಣ ಬದಲಾಗಿಲ್ಲ ಎಂದರೆ ಒಳಗೆ ಲೇಬಲ್ಲಿನಷ್ಟೇ ಔಷಧವಿದೆ ಎಂದೂ ಅರ್ಥವಲ್ಲ. ಕುದುರೆಗಾಗಿಯೇ ಮಾನ್ಯತೆ ಪಡೆದ ತಯಾರಿಕೆ ಸಿಗುವ ಕಡೆ ಅದನ್ನೇ ಬಳಸಬೇಕು. ಹಣ ಉಳಿಸಲು ಬೇರೆಯದಕ್ಕೆ ಹೋಗಿ, ತಿಂಗಳ ಕೊನೆಗೆ ಹುಣ್ಣು ಹಾಗೇ ಉಳಿದರೆ ಕಳೆದುಹೋದದ್ದು ಹಣ ಮಾತ್ರವಲ್ಲ, ಕುದುರೆಯ ಒಂದು ತಿಂಗಳ ನೋವೂ ಆ ಲೆಕ್ಕಕ್ಕೆ ಸೇರುತ್ತದೆ.

ಸ್ನಾಯುವಿಗೆ ಕೊಡುವ, ನಿಧಾನವಾಗಿ ಬಿಡುಗಡೆಯಾಗುವ ಒಮೆಪ್ರಜೋಲ್ ಇಂಜೆಕ್ಷನ್ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ವಾರಕ್ಕೊಂದು ಸಲ ಕಿಲೋಗೆ 4 ಮಿಲಿಗ್ರಾಂ. ಮೇವಿನ ಹೊತ್ತಿನ ತಲೆನೋವು ಇದಕ್ಕಿಲ್ಲ, ಆಮ್ಲವನ್ನು ಹೆಚ್ಚು ಹೊತ್ತು ತಗ್ಗಿಸಿಡುತ್ತದೆ. ಪೇಸ್ಟಿಗೆ ಬಗ್ಗದ ಕೆಳಭಾಗದ ಹುಣ್ಣಿನಲ್ಲೂ ಒಳ್ಳೆಯ ಫಲ ಕಂಡಿದೆ. ಚುಚ್ಚಿದ ಜಾಗ ಊದಿಕೊಳ್ಳುವುದು ಇದರ ಕೊರತೆ.

ಹಳೆಯ ಔಷಧವಾದ ರಾನಿಟಿಡಿನ್ ಕಿಲೋಗೆ 6.6 ಮಿಲಿಗ್ರಾಂನಂತೆ ಎಂಟು ಗಂಟೆಗೊಮ್ಮೆ ಕೊಡಬೇಕು. ಒಂದು ಹೊತ್ತು ತಪ್ಪಿದರೂ ಆಮ್ಲ ಮತ್ತೆ ಏರುತ್ತದೆ. ಒಮೆಪ್ರಜೋಲ್‌ನ ಮುಂದೆ ಅದು ದುರ್ಬಲ. ಆ್ಯಂಟಾಸಿಡ್ ದ್ರಾವಣಗಳ ಪ್ರಭಾವವಂತೂ ಒಂದೆರಡು ಗಂಟೆಯದ್ದು. ದಿನಕ್ಕೆ ಎರಡು ಸಲ ಕೊಟ್ಟು ಹುಣ್ಣು ಮಾಯಿಸಲಾಗದು.

ಕೆಳಭಾಗದ ಹುಣ್ಣಿಗೆ ಬೇರೆ ಯೋಚನೆ

ಸರಿಯಾಗಿ ಕೊಟ್ಟರೆ ನಾಲ್ಕು ವಾರದ ಒಮೆಪ್ರಜೋಲ್‌ನಿಂದ ಮೇಲ್ಭಾಗದ ಹುಣ್ಣು ನೂರಕ್ಕೆ ಸುಮಾರು 70ರಿಂದ 80 ಕುದುರೆಗಳಲ್ಲಿ ಮಾಯುತ್ತದೆ. ಅದೇ ಮದ್ದು, ಅಷ್ಟೇ ದಿನ, ಕೆಳಭಾಗದ ಹುಣ್ಣಿನಲ್ಲಿ ಮಾಯುವುದು ಸುಮಾರು ನೂರಕ್ಕೆ 25ರಲ್ಲಿ. ತಿಂಗಳ ಮದ್ದು ಫಲಿಸಲಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಈ ಅಂತರ ಅಡಗಿರುತ್ತದೆ.

ಹಾಗಾಗಿ ಇಲ್ಲಿ ಆಮ್ಲ ತಗ್ಗಿಸುವುದರ ಜೊತೆಗೆ ಗೋಡೆಯ ರಕ್ಷಣೆಯನ್ನೂ ಕಟ್ಟಬೇಕು. ಒಂದು ದಾರಿ ಒಮೆಪ್ರಜೋಲ್ ಜೊತೆ ಸುಕ್ರಾಲ್ಫೇಟ್. ಅದು ಹುಣ್ಣಿನ ಮೇಲೆ ಅಂಟಾಗಿ ಕುಳಿತು ಪಟ್ಟಿ ಕಟ್ಟಿದಂತೆ ಕಾಪಾಡುತ್ತದೆ, ಲೋಳೆ ಮತ್ತು ಪ್ರೊಸ್ಟಾಗ್ಲಾಂಡಿನ್ (ಜಠರದ ಗೋಡೆಯನ್ನು ಕಾಪಾಡುವ, ಶರೀರದ್ದೇ ಆದ ರಾಸಾಯನಿಕ) ಉತ್ಪಾದನೆಗೂ ನೆರವಾಗುತ್ತದೆ. ಪ್ರಮಾಣ ಕಿಲೋಗೆ 12 ಮಿಲಿಗ್ರಾಂ, ದಿನಕ್ಕೆ ಎರಡು ಸಲ. 412 ಕಿಲೋ ಕುದುರೆಗೆ ಒಂದು ಹೊತ್ತಿಗೆ 1 ಗ್ರಾಂನ ಐದು ಮಾತ್ರೆ. ಮಾತ್ರೆಯನ್ನು ನೀರಿನಲ್ಲಿ ನೆನೆಸಿ ಕರಗಿಸಿ ಸಿರಿಂಜಿನಿಂದ ಕೊಡುವುದು ವಾಡಿಕೆ. ಬೆಳಗ್ಗೆ ಮೊದಲು ಒಮೆಪ್ರಜೋಲ್, ಅರ್ಧದಿಂದ ಒಂದು ಗಂಟೆ ಬಿಟ್ಟು ಸುಕ್ರಾಲ್ಫೇಟ್, ಆಮೇಲೆ ಮೇವು. ಕ್ರಮ ತಿರುವುಮುರುವಾದರೆ ಸುಕ್ರಾಲ್ಫೇಟ್ ಬೇರೆ ಔಷಧ ಹೀರದಂತೆ ಅಡ್ಡ ಬರಬಹುದು. ಕುದುರೆಗೆ ಬೇರೆ ಮಾತ್ರೆಗಳೂ ನಡೆಯುತ್ತಿದ್ದರೆ, ಅದರಲ್ಲೂ ಕೆಲವು ಆ್ಯಂಟಿಬಯೋಟಿಕ್‌ಗಳಿದ್ದರೆ, ನಡುವೆ ಎರಡು ಗಂಟೆಯಾದರೂ ಅಂತರ ಇರಲಿ.

ಇನ್ನೊಂದು ದಾರಿ ಮಿಸೊಪ್ರೊಸ್ಟಾಲ್. ಇದು ಪ್ರೊಸ್ಟಾಗ್ಲಾಂಡಿನ್‌ನ ಕೃತಕ ರೂಪ. ಆಮ್ಲವನ್ನು ತಗ್ಗಿಸಿ ರಕ್ಷಣೆಯನ್ನೂ ಹೆಚ್ಚಿಸುತ್ತದೆ. ಕಿಲೋಗೆ 5 ಮೈಕ್ರೋಗ್ರಾಂ, ದಿನಕ್ಕೆರಡು ಸಲ. ಅಂದರೆ 400 ಕಿಲೋಗೆ ಒಂದು ಹೊತ್ತಿಗೆ 200 ಮೈಕ್ರೋಗ್ರಾಂನ ಹತ್ತು ಮಾತ್ರೆ. ಕೆಳಭಾಗದ ಹುಣ್ಣಿನಲ್ಲಿ ಇದು ಒಮೆಪ್ರಜೋಲ್ ಮತ್ತು ಸುಕ್ರಾಲ್ಫೇಟ್ ಜೋಡಿಗಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು ತೋರಿಸಿದ ಅಧ್ಯಯನವಿದೆ. ಆದರೆ ಇದು ಗರ್ಭಪಾತ ಮಾಡಿಸುವ ಔಷಧವೂ ಹೌದು. ಗರ್ಭಿಣಿಯರು ಮತ್ತು ಗರ್ಭಿಣಿಯಾಗಿರಬಹುದಾದವರು ಇದನ್ನು ಮುಟ್ಟಲೇಬಾರದು. ಕೊಡುವವರು ಯಾರೇ ಆಗಲಿ ಕೈಗವಸು ಹಾಕಬೇಕು, ಮಾತ್ರೆ ಕುಟ್ಟುವಾಗ ಏಳುವ ಪುಡಿ ಉಸಿರಿಗೆ ಹೋಗಬಾರದು, ಬಳಸಿದ ಸಿರಿಂಜು, ಬಟ್ಟಲುಗಳನ್ನು ಬೇರೆಯೇ ಇಡಬೇಕು. ಗಬ್ಬದ ಕುದುರೆಗೆ ಕೊಡಬಾರದು. ಲಾಯದಲ್ಲಿ ಕೆಲಸ ಮಾಡುವ ಎಲ್ಲರಿಗೂ ಈ ವಿಷಯ ಹೇಳದೆ ಈ ಮದ್ದನ್ನು ಲಾಯಕ್ಕೆ ತರಲೇಬಾರದು.

ಕೆಳಭಾಗದ ಹುಣ್ಣಿಗೆ ನಾಲ್ಕು ವಾರ ಸಾಲದೆ, ಆರರಿಂದ ಎಂಟು ವಾರ ಬೇಕಾಗುವುದು ಸಾಮಾನ್ಯ. ಇದರ ಜೊತೆ ವಾರಕ್ಕೆ ಕನಿಷ್ಠ ಎರಡು ದಿನ ಪೂರ್ತಿ ವಿಶ್ರಾಂತಿ, ನೋಡಿಕೊಳ್ಳುವ ಕೈಗಳು ಆದಷ್ಟು ಬದಲಾಗದಿರುವುದು, ಬಯಲಿನಲ್ಲಿ ಬಿಡುವುದು, ಜೊತೆಗೆ ಪರಿಚಯದ ಕುದುರೆ. ಔಷಧದ ಚೀಟಿಯಲ್ಲಿ ಇವು ಇರುವುದಿಲ್ಲವಾದರೂ ಚಿಕಿತ್ಸೆಯ ಭಾಗವೇ.

ನೋವುನಿವಾರಕಗಳು ಮತ್ತು ಮರಿಗಳು

ಫೀನೈಲ್‌ಬ್ಯುಟಜೋನ್, ಫ್ಲುನಿಕ್ಸಿನ್‌ನಂಥ ನೋವುನಿವಾರಕಗಳು ಪ್ರೊಸ್ಟಾಗ್ಲಾಂಡಿನ್ ತಗ್ಗಿಸಿ ಕೆಳಭಾಗದ ರಕ್ಷಣೆ ಕಳೆಯುತ್ತವೆ. ಇವುಗಳ ಜೊತೆ ಮುನ್ನೆಚ್ಚರಿಕೆಯೆಂದು ಒಮೆಪ್ರಜೋಲ್ ಸೇರಿಸುವ ರೂಢಿಯಿದೆ. ಜಠರದ ಮಟ್ಟಿಗೆ ಅದು ನೆರವಾಗುತ್ತದೆ, ಆದರೆ ಕರುಳಿನ ಕೆಳಭಾಗವನ್ನು ಅದು ಕಾಪಾಡದು. ಫೀನೈಲ್‌ಬ್ಯುಟಜೋನ್ ಜೊತೆ ಒಮೆಪ್ರಜೋಲ್ ಕೊಟ್ಟ ಕುದುರೆಗಳಲ್ಲಿ ಕರುಳಿನ ತೊಡಕುಗಳು ಹೆಚ್ಚಾಗಿದ್ದನ್ನು ಕಂಡ ಪ್ರಯೋಗವೂ ಇದೆ. ಒಮೆಪ್ರಜೋಲ್ ಇದೆಯಲ್ಲ ಎಂಬ ಧೈರ್ಯದ ಮೇಲೆ ನೋವುನಿವಾರಕದ ಪ್ರಮಾಣ ಏರಿಸುವುದು, ದಿನ ಹೆಚ್ಚಿಸುವುದು ತಪ್ಪು. ಬೇಕೇಬೇಕಾದಾಗ ಕಡಿಮೆ ಪ್ರಮಾಣ, ಕಡಿಮೆ ದಿನ, ಎರಡು ನೋವುನಿವಾರಕ ಒಟ್ಟಿಗೆ ಎಂದೂ ಬೇಡ. ಕುದುರೆ ಸಾಕಷ್ಟು ನೀರು ಕುಡಿಯುತ್ತಿದೆಯೇ, ಲದ್ದಿ ಸರಿಯಾಗಿ ಬೀಳುತ್ತಿದೆಯೇ ಎಂದು ದಿನವೂ ನೋಡಬೇಕು.

ಮರಿಗಳ ವಿಷಯದಲ್ಲಿ ದೊಡ್ಡ ಕುದುರೆಯ ಲೆಕ್ಕ ನಡೆಯುವುದಿಲ್ಲ. ಹಲ್ಲು ಕಡಿಯುವುದು, ಜೊಲ್ಲು ಸುರಿಯುವುದು, ಮೊಲೆ ಬಿಟ್ಟು ಬರುವುದು, ಬೆನ್ನ ಮೇಲೆ ಉರುಳಿ ಕಾಲು ಮೇಲೆತ್ತಿ ಮಲಗುವುದು, ಭೇದಿ ಇವನ್ನು ಕಂಡರೆ ಗಂಟೆಗಳನ್ನೂ ಕಾಯದೆ ವೈದ್ಯರನ್ನು ಕರೆಸಬೇಕು. ಮರಿಗಳಲ್ಲಿ ಹುಣ್ಣು ತೂತಾಗುವ ಅಪಾಯ ದೊಡ್ಡವಕ್ಕಿಂತ ಹೆಚ್ಚು. ಹಾಗೆಂದು ಕಾಯಿಲೆ ಬಿದ್ದ ಎಳೆಮರಿಗಳಿಗೆಲ್ಲ ಮುನ್ನೆಚ್ಚರಿಕೆಯಾಗಿ ಆಮ್ಲನಿರೋಧಕ ಕೊಡುವುದೂ ಸರಿಯಲ್ಲ. ಆಸ್ಪತ್ರೆಗೆ ಸೇರಿದ ಮರಿಗಳಲ್ಲಿ ಅದರಿಂದ ಭೇದಿ ಹೆಚ್ಚಿದ್ದು ಕಂಡುಬಂದಿದೆ. ಜಠರದ ಆಮ್ಲ ಸೋಂಕಿನ ವಿರುದ್ಧದ ಒಂದು ಕಾವಲೂ ಹೌದಷ್ಟೆ. ಒಮೆಪ್ರಜೋಲ್ ಪೇಸ್ಟಿನ ಲೇಬಲ್ ಹೇಳುವುದು ನಾಲ್ಕು ವಾರ ತುಂಬಿದ ಮರಿಗಳಿಗೆ.

ನಿಲ್ಲಿಸುವಾಗ

28 ದಿನ ಮುಗಿದು, ಕುದುರೆ ಚೆನ್ನಾಗಿ ತಿನ್ನುತ್ತಿದೆ ಎಂದು ಒಮ್ಮೆಲೇ ನಿಲ್ಲಿಸಿ, ಅದೇ ಧಾನ್ಯ, ಅದೇ ತರಬೇತಿಗೆ ಮರಳಿಸಿದರೆ ಕೆಲವೇ ದಿನಗಳಲ್ಲಿ ಹುಣ್ಣು ಮರಳುವುದುಂಟು. ಆಮ್ಲ ಕಡಿಮೆಯಾದಾಗ ಶರೀರ ಗ್ಯಾಸ್ಟ್ರಿನ್ ಹಾರ್ಮೋನನ್ನು ಏರಿಸಿ ಆಮ್ಲ ಹೆಚ್ಚಿಸಲು ನೋಡುತ್ತದೆ. ಮದ್ದು ನಿಂತ ಮೇಲೆ ಈ ಒತ್ತಡ ಇಳಿಯಲು ಸ್ವಲ್ಪ ಸಮಯ ಬೇಕು. ಅದಕ್ಕೆಂದೇ ಮರು ಗ್ಯಾಸ್ಟ್ರೋಸ್ಕೋಪಿಯಲ್ಲಿ ಹುಣ್ಣು ಮಾಯ್ದದ್ದು ಖಚಿತವಾದ ಬಳಿಕ ಒಂದೆರಡು ವಾರ ಕಿಲೋಗೆ 2 ಮಿಲಿಗ್ರಾಂ, ಮತ್ತೊಂದೆರಡು ವಾರ 1 ಮಿಲಿಗ್ರಾಂ ಎಂದು ಇಳಿಸುವ ಪದ್ಧತಿ ಹಲವು ವೈದ್ಯರದು. ಮರುಪರೀಕ್ಷೆಯನ್ನು ಮದ್ದು ನಿಲ್ಲಿಸುವ ಮೊದಲು ಮಾಡಿಸುವುದು ಜಾಣತನ. ನಿಲ್ಲಿಸಿ ಎರಡು ವಾರದ ಮೇಲೆ ನೋಡಿ ಹುಣ್ಣು ಕಂಡರೆ ಅದು ಮಾಯದ ಹಳೆಯದೋ, ಮರಳಿ ಬಂದ ಹೊಸದೋ ಎಂದು ಹೇಳಲು ಆಗುವುದಿಲ್ಲ.

ವರ್ಷಗಟ್ಟಲೆ ಕೊಡುತ್ತಲೇ ಇರುವುದನ್ನು ನಾವು ಒಪ್ಪುವುದಿಲ್ಲ. ಅದರಿಂದ ಹುಣ್ಣು ಮುಚ್ಚಿರಬಹುದು, ಹುಣ್ಣು ತಂದ ಕಾರಣ ಹಾಗೇ ಉಳಿದಿರುತ್ತದೆ. ಆಮ್ಲ ಸದಾ ಕಡಿಮೆಯಿದ್ದರೆ ಕ್ಯಾಲ್ಸಿಯಂ ಹೀರುವುದೂ ತಗ್ಗುವ ಸೂಚನೆಗಳಿವೆ.

ಮೇವಿನ ಕಡೆಯ ತಡೆ

ದಿನಕ್ಕೆ ದೇಹತೂಕದ ನೂರಕ್ಕೆ ಒಂದೂವರೆಯಷ್ಟು ಒಣತೂಕದ (ತೇವಾಂಶ ಬಿಟ್ಟ ತೂಕದ) ನಾರಿನ ಮೇವು ಕನಿಷ್ಠ ಬೇಕು. 400 ಕಿಲೋ ಕುದುರೆಗೆ ಒಣತೂಕ 6 ಕಿಲೋ, ಅಂದರೆ ಸುಮಾರು 7 ಕಿಲೋ ಒಣಹುಲ್ಲು. ಎರಡು ಮೇವಿನ ನಡುವೆ ಆರು ಗಂಟೆಗಿಂತ ಹೆಚ್ಚು ಅಂತರ ಬೇಡ. ಬೇಗ ತಿಂದು ಮುಗಿಸುವ ಕುದುರೆಗೆ ಸಣ್ಣ ಕಣ್ಣಿನ ಬಲೆಯಲ್ಲಿ ಹುಲ್ಲು ತುಂಬಿ ಕಟ್ಟಿದರೆ ಅಷ್ಟೇ ಹುಲ್ಲು ಹೆಚ್ಚು ಹೊತ್ತು ಬರುತ್ತದೆ. ಬರಿಯ ಧಾನ್ಯಗಳ ಒಣಕಡ್ಡಿಯೊಂದನ್ನೇ ಮೇವಾಗಿ ಕೊಡುವುದು ಹುಣ್ಣಿನ ಅಪಾಯ ಹೆಚ್ಚಿಸುತ್ತದೆ.

ಪಿಷ್ಟ ದಿನಕ್ಕೆ ಕಿಲೋ ತೂಕಕ್ಕೆ 2 ಗ್ರಾಂ ದಾಟಬಾರದು, ಒಂದು ಹೊತ್ತಿಗೆ 1 ಗ್ರಾಂ. ಓಟ್ಸ್‌ನಲ್ಲಿ ನೂರಕ್ಕೆ 40ರ ಆಸುಪಾಸು ಪಿಷ್ಟವಿರುವುದರಿಂದ 400 ಕಿಲೋ ಕುದುರೆಗೆ ಒಂದು ಹೊತ್ತಿಗೆ ಸುಮಾರು 1 ಕಿಲೋ, ದಿನಕ್ಕೆ 2 ಕಿಲೋ ಮೇಲ್ಮಿತಿ. ಬಾರ್ಲಿ, ಮುಸುಕಿನ ಜೋಳದಲ್ಲಿ ಪಿಷ್ಟ ಇನ್ನೂ ಹೆಚ್ಚು, ಹಾಗಾಗಿ ಅಳತೆ ಇನ್ನೂ ಕಡಿಮೆ ಬೇಕು. ಶಕ್ತಿ ಸಾಲದಿದ್ದರೆ ಆ ಕೊರತೆಯನ್ನು ಎಣ್ಣೆಯಿಂದ, ಸುಲಭವಾಗಿ ಜೀರ್ಣವಾಗುವ ನಾರಿನಿಂದ ತುಂಬಬಹುದು.

ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಇಲ್ಲಿ ವಿಶೇಷ ಗೆಳೆಯ. ಅದರ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಆಮ್ಲವನ್ನು ತಣಿಸುತ್ತವೆ. ಸವಾರಿಗೆ ಅರ್ಧ ಗಂಟೆ ಮೊದಲು ಅದರ ಒಂದೆರಡು ಹಿಡಿ ಕತ್ತರಿಸಿದ ಸೊಪ್ಪನ್ನೋ ಹುಲ್ಲನ್ನೋ ತಿನ್ನಿಸಿದರೆ ಜೊಲ್ಲೂ ಬರುತ್ತದೆ, ತೇಲುವ ಚಾಪೆಯೂ ಸಿದ್ಧವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಹಗುರವಾಗಿ ಓಡುತ್ತದೆ ಎಂಬ ಹಳೆಯ ನಂಬಿಕೆ ಕುದುರೆಗೆ ಮಾಡುವ ಹಾನಿ ಸಣ್ಣದಲ್ಲ. ಎಳೆಮರಿಗಳಿಗೆ ಮಾತ್ರ ಲೂಸರ್ನ್‌ನ ಒರಟು ಕಡ್ಡಿ ಬೇಡ.

ನೀರು ಸದಾ ಎದುರಿಗಿರಬೇಕು. ಹೊತ್ತುಹೊತ್ತಿಗೆ ಮಾತ್ರ ನೀರು ತೋರಿಸುವ ಕಡೆ ಹುಣ್ಣು ಹೆಚ್ಚು. ಎಲೆಕ್ಟ್ರೋಲೈಟ್ ಉಪ್ಪನ್ನು ಗಟ್ಟಿ ಪೇಸ್ಟಾಗಿ ಬರಿಹೊಟ್ಟೆಗೆ ಕೊಡಬಾರದು, ಮೇವಿನ ಜೊತೆ ಕೊಡಬೇಕು. ಗಾಢ ಉಪ್ಪಿನ ದ್ರಾವಣ ಇರುವ ಹುಣ್ಣನ್ನು ಇನ್ನಷ್ಟು ಕೆರಳಿಸುತ್ತದೆ.

ಮದ್ದಿನಿಂದ ತಡೆ ಬೇಕಾಗುವುದು ಮುಂಚೆಯೇ ಗೊತ್ತಿರುವ ಒತ್ತಡದ ದಿನಗಳಿಗೆ: ದೂರ ಪ್ರಯಾಣ, ಸ್ಪರ್ಧೆ, ಲಾಯದ ಬದಲಾವಣೆ, ಕಾಲು ನೋವಿನಿಂದ ಕಟ್ಟಿಹಾಕಬೇಕಾದ ಅವಧಿ. ಕಿಲೋಗೆ 1 ಮಿಲಿಗ್ರಾಂ ಒಮೆಪ್ರಜೋಲನ್ನು ಎರಡು ಮೂರು ದಿನ ಮೊದಲೇ ಶುರು ಮಾಡಿ, ಒತ್ತಡ ಮುಗಿಯುವವರೆಗೆ ಮುಂದುವರಿಸುವುದು ಕ್ರಮ. ಹೊರಡುವ ಬೆಳಗ್ಗೆ ಮೊದಲ ಸಿರಿಂಜು ಒತ್ತಿದರೆ ಅದರ ಫಲ ಕೂಡಿಕೊಳ್ಳುವ ಹೊತ್ತಿಗೆ ಪ್ರಯಾಣವೇ ಮುಗಿದಿರಬಹುದು. ಸ್ಪರ್ಧೆಯಿದ್ದರೆ ಆ ಸಂಸ್ಥೆಯ ಔಷಧ ನಿಯಮವನ್ನು ಮೊದಲು ನೋಡಿ. ಒಂದು ಕಡೆ ನಡೆಯುವುದು ಇನ್ನೊಂದು ಕಡೆ ನಡೆಯದಿರಬಹುದು, ಕೆಲವು ಕಡೆ ಓಟಕ್ಕೆ ಇಷ್ಟು ಗಂಟೆ ಮೊದಲೇ ನಿಲ್ಲಿಸಬೇಕೆಂಬ ಕಟ್ಟುಪಾಡು ಇರುತ್ತದೆ. ವಾಹನದಲ್ಲಿ ಹುಲ್ಲಿನ ಬಲೆ ಕಟ್ಟಿರಿ, ತಂಗುವ ಕಡೆಯಲ್ಲೆಲ್ಲ ನೀರು ಕೊಡಿ, ಇಳಿದ ಕೂಡಲೇ ಧಾನ್ಯದ ಬಕೆಟ್ಟಿಗಿಂತ ಮೊದಲು ಹುಲ್ಲು ಮುಂದಿಡಿ.